ಬೀರುವಿನ ಬೀಗದ ಕೈ

ಮುಖ್ಯೋಪಾಧ್ಯಾಯರಿಗೆ,

ವಿಆರ್ ಕನ್ನಡಕಗಳಿರುವ ಬೀರುವಿನ ಬೀಗದ ಕೈ ಮತ್ತು ಕ್ಷಮಾಪಣೆ ಪತ್ರ ಇವತ್ತೇ ಬೇಕೆಂದಿರಿ. ಎರಡನ್ನೂ ಕೊಡುವುದಿಲ್ಲ.

ಶಾಲಾ ಸಮಿತಿ ಅಧ್ಯಕ್ಷರ ಕಾರ್ಖಾನೆಯ ಬಗ್ಗೆ ನಾನು ಚಕಾರವೆತ್ತಿಲ್ಲ. ಒಂಬತ್ತನೇ ತರಗತಿಗೆ ತೋರಿಸಿದ್ದು ನೂರು ವರ್ಷ ಹಿಂದಿನ ಹತ್ತಿ ಗಿರಣಿ, ಪಠ್ಯದಲ್ಲಿರುವುದೇ. ಕನ್ನಡಕ ಹಾಕಿಕೊಂಡೊಡನೆ ಮಕ್ಕಳೆಲ್ಲ ಗಿರಣಿಯೊಳಗೇ ನಿಂತಂತಾಗಿ ಬೆರಗಾದರು. ಕೊನೆಯ ಬೆಂಚಿನ ಹುಡುಗಿ ಮಾತ್ರ ಯಾರೂ ಹೇಳದೆಯೇ ಜಡೆಯನ್ನು ಅಂಗಿಯೊಳಗೆ ತುರುಕಿಕೊಂಡು, ಯಂತ್ರದಡಿ ನುಸುಳುವವಳಂತೆ ಬಗ್ಗಿದಳು.

"ಯಾಕಮ್ಮ ಹಾಗ್ ಮಾಡ್ದೆ?" ಎಂದೆ.

"ಕೂದ್ಲು ಸಿಕ್ಕಾಕ್ಕೊಳ್ಳುತ್ತಲ್ಲ ಟೀಚರ್. ಭಾನುವಾರ ಅಧ್ಯಕ್ಷರ ಕಾರ್ಖಾನೇಲೂ ನಾನು ಹೀಗೇ ಮಾಡೋದು."

ಇಡೀ ತರಗತಿ ಕೇಳಿಸಿಕೊಂಡಿತು. ಮಕ್ಕಳ ಕಿವಿಗೂ ಬೀಗ ಹಾಕಬೇಕಿತ್ತೇ?

ಮೊದಲು ಅವಳ ಭಾನುವಾರವನ್ನು ಅವಳಿಗೆ ವಾಪಸ್ ಕೊಡಿಸಿ. ಆಮೇಲೆ ಬೀಗದ ಕೈ ಕೇಳಿ.

ಇಂತಿ,
ಈ ಹೊತ್ತಿಗೂ ನಿಮ್ಮ ಶಾಲೆಯ
ಸಮಾಜ ವಿಜ್ಞಾನ ಶಿಕ್ಷಕಿ