ಹೊಗೆಗೂಡಿನ ಆಚೆ ಬದಿ

ಜನವರಿ ೧೧, ೧೯೫೫. ಬೆಳಗ್ಗೆ.
ಬ್ರೆಡ್ ಒಲೆಗೆ ಹಾಕಿಯಾಯಿತು. ಕೋಳಿಗಳ ನೀರು ಹೆಪ್ಪುಗಟ್ಟಿತ್ತು, ಒಡೆದು ಬಂದೆ. ಗಂಡ ರೂಬೆನ್‌ನ ಕಾಲುಚೀಲ ಮುಂಬಾಗಿಲ ಒಳಗಿನ ಹೊಗೆಗೂಡಿನ ಇಟ್ಟಿಗೆಗೆ ಒಣಗಲು ಆನಿಸಿದ್ದೇನೆ. ಎರಡು ಬದಿಯ ಬೆಂಕಿಯ ಕಾವು ಅಲ್ಲಿ ಸೇರುತ್ತದೆ. ಆಚೆ ಬದಿಯ ಭಾವ ಆಂಬ್ರೋಸ್ ನಮಗೆ ಕೊಡುವುದು ಅದೊಂದೇ... ಅದೂ ತಿಳಿಯದೆ.

ಕಟ್ಟಿದವರು ಮನೆಯ ನಟ್ಟನಡುವೆ ಒಂದೇ ದಪ್ಪ ಹೊಗೆಗೂಡು ಎಬ್ಬಿಸಿ, ಬೆನ್ನಿಗೆ ಬೆನ್ನು ತಾಗಿಸಿ ಎರಡು ಒಲೆ ಇಟ್ಟರು. ಮುಂಬಾಗಿಲು ತೆರೆದರೆ ಎದುರಿಗೆ ಬರೀ ಇಟ್ಟಿಗೆ. ಎಡಕ್ಕೆ ತಿರುಗಿದರೆ ಅಡುಗೆಮನೆ, ಬಲಕ್ಕೆ ಹಜಾರ. ಒಂದು ಸಂಸಾರಕ್ಕೆಂದು ಕಟ್ಟಿದ್ದು. ಅಣ್ಣ ಆಂಬ್ರೋಸ್ ಆಸ್ಪತ್ರೆಯಲ್ಲಿದ್ದಾಗ ರೂಬೆನ್ ಕೇಳದೆ ಅವರ ಕುದುರೆಗಳನ್ನು ಮಾರಿ ಟ್ರ್ಯಾಕ್ಟರ್ ತಂದ. ಆಂಬ್ರೋಸ್ ಬಂದವರೇ ಹಜಾರದ ಬಾಗಿಲು ಕಿತ್ತು ಆ ಜಾಗಕ್ಕೆ ಗೋಡೆ ಕಟ್ಟಿದರು. ಅಂದಿನಿಂದ ಹಜಾರದ ಕಡೆ ಅವರೊಬ್ಬರೇ, ಓಡಾಟ ಹಿಂಬಾಗಿಲಲ್ಲಿ. ಅಣ್ಣತಮ್ಮಂದಿರಿಗೆ ಮಾತಿಲ್ಲ.

ಜನವರಿ ೧೩.
ಕಟಿಂಗ್ ಎಂಬ ಗಾರೆ ಮೇಸ್ತ್ರಿ ಏಣಿ ಹಾಕಿ ನೋಡಿದ. ಹೊಗೆಗೂಡಿನ ತಲೆ ವಾಲಿದೆಯಂತೆ.
"ರಿಪೇರಿಗೆ ಎರಡು ಕಡೆ ಬೆಂಕೀನೂ ಆರಿಸ್ಬೇಕು."
"ನಮ್ಮ ಅರ್ಧ ಮಾತ್ರ ಮಾಡು," ಅಂದ ರೂಬೆನ್.
"ಆಯ್ತು. ಮಿಕ್ಕ ಅರ್ಧ ಯಾರ ತಲೆ ಮೇಲೆ ಬೀಳ್ಬೇಕು ಅಂತ ನೀವೇ ಹೇಳಿ."
ನಿನ್ನಣ್ಣನಿಗೆ ತಿಳಿಸು ಅಂದೆ ರೂಬೆನ್ಗೆ. ಕಿವಿ ಕೇಳದವನಂತೆ ಹೊಲಕ್ಕೆ ಹೋದ.

ಜನವರಿ ೧೮. ಸಂಜೆ.
ಬೆಳಗ್ಗೆ ಕಾಲುಚೀಲ ತೆಗೆಯಲು ಹೋದೆ—ಬಲಬದಿಯ, ಭಾವನ ಕಡೆಯ ಇಟ್ಟಿಗೆ ತಣ್ಣಗೆ. ಹೊರಗೆ ಹಿಮ.
"ಮೇಸ್ತ್ರಿಗೋಸ್ಕರ ಬೆಂಕಿ ಆರಿಸಿರ್ಬೇಕು," ಅಂದ ರೂಬೆನ್.
"ಮೇಸ್ತ್ರಿ ವಿಷಯ ಅವರಿಗೆ ಯಾರು ಹೇಳಿದ್ರು? ನೀನಂತೂ ಹೇಳಿಲ್ಲ."
ಚಮಚ ಕೆಳಗಿಟ್ಟ. ಹಿಂಬಾಗಿಲಿಗೆ ಹೋಗಿ ಬಡಿದ. ಒಳಗಿನಿಂದ ಅಗುಳಿ. ಕೂಗಿದ—ಅಣ್ಣನ ಹೆಸರು ಅವನ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು. ಕಿಟಕಿಗಳಿಗೆ ಸರಳು. ವಾಪಸು ಓಡಿ ಬಂದು ದೊಡ್ಡ ಸುತ್ತಿಗೆಯಿಂದ ಅಣ್ಣ ಕಟ್ಟಿದ ಗೋಡೆಗೆ ಹೊಡೆದ. ನಾನು ಇಟ್ಟಿಗೆ ಎಳೆದು ಹಾಕಿದೆ. ಆಂಬ್ರೋಸ್ ಆರಿದ ಒಲೆಯ ಬೂದಿಯ ಪಕ್ಕ ನೆಲದಲ್ಲಿ ಬಿದ್ದಿದ್ದರು. ಮೈ ಸುಡುತ್ತಿತ್ತು, ಉಸಿರು ಗೊರಗೊರ. ರೂಬೆನ್ ಮಗುವಿನಂತೆ ಎತ್ತಿಕೊಂಡು ತೂತಿನಿಂದ ಈಚೆ ತಂದ. ನ್ಯುಮೋನಿಯಾ ಅಂದರು ಡಾಕ್ಟರು. ಈ ಹಿಮದಲ್ಲಿ ಆಸ್ಪತ್ರೆಗೆ ಸಾಗಿಸುವುದು ಬೇಡವಂತೆ. ನಮ್ಮ ಒಲೆಯ ಮುಂದೆಯೇ ಹಾಸಿಗೆ.

ಜನವರಿ ೨೪.
ಜ್ವರ ಇಳಿಯಿತು. ಎರಡು ಚಮಚ ಸೂಪು ಕುಡಿದರು. ತೂತಿನ ಕಡೆಯೇ ನೋಟ.
"ಒಡೆದೋನು ಯಾರು?"
"ನಾನೇ," ಅಂದ ರೂಬೆನ್.
"ತುಂಬಾ ಹೊತ್ತು ಹಿಡೀತಾ?"
"ಹಿಡೀತು. ನೀನು ಗಟ್ಟಿಯಾಗಿ ಕಟ್ಟಿದ್ದೆ."
ಆಂಬ್ರೋಸ್ ಮುಖದಲ್ಲಿ ಸ್ವಲ್ಪ ಖುಷಿ. ಕಣ್ಣು ಮುಚ್ಚಿದರು. ನಿದ್ದೆ ಅಂದುಕೊಂಡೆವು.
"ಕುದುರೆ ಮಾರೋ ಮುಂಚೆ ನಿನ್ನ ಕೇಳ್ಬೇಕಿತ್ತು," ಅಂದ ರೂಬೆನ್, ಬೆಂಕಿ ಕೆದಕುತ್ತ.
"ಹೂಂ. ಕೇಳ್ಬೇಕಿತ್ತು."
ಅಷ್ಟೇ. ನಾನು ಪಾತ್ರೆ ತೊಳೆಯಲು ಎದ್ದೆ. ಅಳು ಬಂತು, ಯಾಕೋ.

ಫೆಬ್ರವರಿ ೧೬.
ಹೊಗೆಗೂಡು ನೆಟ್ಟಗಾಯಿತು. ಆಂಬ್ರೋಸ್ ವಾಪಸು ಹಜಾರದ ಕಡೆಗೆ ಹೋಗುತ್ತಾರಂತೆ. ತೂತು ನೋಡಿ ಕಟಿಂಗ್ ಕೇಳಿದ: "ಇಟ್ಟಿಗೆಯೋ, ಬಾಗಿಲೋ?"
ಇಬ್ಬರೂ ನೆಲ ನೋಡಿದರು.
"ಬಾಗಿಲು," ಅಂದರು ಆಂಬ್ರೋಸ್. "ಚಿಲಕ ನನ್ನ ಕಡೆ."
"ಹಾಗಾದ್ರೆ ನನ್ನ ಕಡೇನೂ ಒಂದು," ಅಂದ ರೂಬೆನ್.
ಕಟಿಂಗ್ ನನ್ನ ಮುಖ ನೋಡಿದ. ಎರಡೂ ಹಾಕು ಅಂದೆ.

ಫೆಬ್ರವರಿ ೨೦. ಭಾನುವಾರ, ಮಧ್ಯಾಹ್ನ.
ಬಾಗಿಲು ಬಂದಾಗಿನಿಂದ ಎರಡು ಚಿಲಕವೂ ಹಾಕಿಯೇ ಇವೆ. ಮಾಂಸ ಬೇಯುತ್ತಿದೆ. ರೂಬೆನ್ ಪೇಪರ್ ಹಿಡಿದಿದ್ದಾನೆ, ಪುಟ ತಿರುಗಿಸುತ್ತಿಲ್ಲ... ಈಗ ಆಚೆ ಕಡೆಯ ಚಿಲಕ ತೆಗೆದ ಸದ್ದು. ಆಂಬ್ರೋಸ್ ಬಡಿಯುತ್ತಿಲ್ಲ. ಸುಮ್ಮನೆ ನಿಂತಿದ್ದಾರೆ.
"ನೀನು ತೆಗಿ," ಅಂದ ನನಗೆ.
"ನಿನ್ನಣ್ಣ. ನೀನೇ ತೆಗಿ."
ಎದ್ದ. ಚಿಲಕಕ್ಕೆ ಕೈ ಹಾಕಿ, ಮತ್ತೆ ಬಿಟ್ಟು, ಕಾಲರ್ ಸರಿಮಾಡಿಕೊಳ್ಳುತ್ತಿದ್ದಾನೆ. ಸ್ವಂತ ಮನೆಯ ಬಾಗಿಲು ತೆಗೆಯೋಕೆ ಇಷ್ಟೊಂದು ಸಿಂಗಾರ— ತೆಗೆದ.