ಲೇತ್ ನೋಡಲು ಒಂದು ಕಿವಿ

ಬೈಲಹೊಂಗಲ, ಸೋಮವಾರ

ಕಿತ್ತೂರಿನ ಖಾಸಿಮಸಾಬ ಮೇಸ್ತ್ರಿಯವರಿಗೆ ಶರಣು.

ನಾಟಕದ ರಾಜಾಪಾರ್ಟಿನ ರಾಮಲಿಂಗಪ್ಪ ಕಿರೀಟ ತೆಗೆದಿಟ್ಟು ಬರೆಯುವ ಪತ್ರವಿದು!

ಹೋದ ವರ್ಷ ನಾವು ಕೊಳ್ಳಲು ಹೋದಲ್ಲಿ, ಕಬ್ಬಿಣ ಕಡೆಯುವ ಹಳೆಯ ಲೇತ್ ಓಡಿಸಿ ತೋರಿಸಿದಾಗ ನೀವು, "ಬ್ಯಾಡೋ ತಮ್ಮಾ, ಬೇರಿಂಗ್ ಚೀರಾಕ ಹತ್ತೇತಿ," ಎಂದಿರಿ. ನಾನು ತೊಡೆ ತಟ್ಟಿ, "ಕೆಟ್ಟಿದ್ದು ಮಷೀನ್ ಅಲ್ಲೋ ಮುದುಕಾ, ನಿನ್ನ ಕಿವಿ!" ಎಂದು ಗರ್ಜಿಸಿದೆ. ನೆರೆದವರೆಲ್ಲ ನಕ್ಕರು. ಇಪ್ಪತ್ತು ವರ್ಷ ನನ್ನ ವರ್ಕ್‌ಶಾಪಿನಲ್ಲಿ ದುಡಿದ ನೀವು ಅಂದೇ ಚೀಲ ಎತ್ತಿಕೊಂಡು ಹೊರಟುಹೋದಿರಿ. ಹಟ ಹಿಡಿದು ನಾನು ಕೊಂಡ ಆ ಲೇತ್ ಮೂರು ತಿಂಗಳಿಗೇ ಕೆಟ್ಟು ಮಲಗಿತು.

ನಿಜ ಹೇಳುತ್ತೇನೆ. ಆ ಚೀರಾಟ ನನಗೆ ಕೇಳಿಸಿರಲೇ ಇಲ್ಲ. ಕೆಟ್ಟಿದ್ದು ನನ್ನ ಕಿವಿ. ನನ್ನ ಈ ದೊಡ್ಡ ದನಿಯನ್ನು ಜನ ನಾಟಕದ ಗತ್ತು ಎಂದುಕೊಂಡಿದ್ದಾರೆ, ಹೆಂಡತಿ ಬೀರವ್ವನೂ ಹಾಗೇ ತಿಳಿದಿದ್ದಾಳೆ. ಇರಲಿ ಬಿಡು ಎಂದು ನಾನೂ ಸುಮ್ಮನಿದ್ದೆ. ಫೋನ್ ಮಾಡಿದರೆ ನಿಮ್ಮ ಬೈಗುಳವೂ ಕೇಳಿಸದು, ಅದಕ್ಕೇ ಬರೆಯುತ್ತಿದ್ದೇನೆ.

ಬರುವ ಸೋಮವಾರ ಹನ್ನೊಂದಕ್ಕೆ ರಾಮದುರ್ಗದಲ್ಲಿ ಇನ್ನೊಂದು ಲೇತ್ ಓಡಿಸಿ ತೋರಿಸುತ್ತಾರೆ. ಕಡೆದು ನೋಡಲು ನಮ್ಮದೇ ಕಬ್ಬಿಣದ ರಾಡು ಕತ್ತರಿಸಿಟ್ಟಿದ್ದೇನೆ. ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿದ್ದೇನೆ. ಉತ್ತರಗಳನ್ನು ಕೇಳಿಸಿಕೊಳ್ಳಲು ಯಾರೂ ಇಲ್ಲ.

ನಾನು ರಂಗದ ಮೇಲೆ ಮಾತು ಮರೆತಾಗ ಪರದೆಯ ಹಿಂದೆ ಕೆಮ್ಮಿ, ಮಾತು ಎತ್ತಿಕೊಡುತ್ತಿದ್ದವರು ನೀವು. ಇದೊಂದು ಸಲ ಬಂದು ಪಕ್ಕದಲ್ಲಿ ನಿಲ್ಲಿರಿ. ಬೇರಿಂಗ್ ಚೀರಿದರೆ ಕೆಮ್ಮಬೇಡಿರಿ. ನನ್ನ ಭುಜ ಮುಟ್ಟಿರಿ.

ತಲೆ ತಗ್ಗಿಸಿದ,
ರಾಮಲಿಂಗಪ್ಪ