ಐಸ್ ಪೆಟ್ಟಿಗೆ

ಡಿಸೆಂಬರ್ 9, ಸಂಜೆ

ಮಾಲಿನ್ಯ ಮಂಡಳಿಯಿಂದ ನೀರಿನ ಸ್ಯಾಂಪಲ್ ತೆಗೆಯಲು ಹೋಗಿ ಇವತ್ತೂ ಖಾಲಿ ಕೈ. ಜಾವಳಿ ಹಳ್ಳ ತಳ ಕಾಣುವಷ್ಟು ತಿಳಿ. ಕಾಫಿ ಹಣ್ಣು ಸುಲಿಯುವ ಪಲ್ಪರ್ ಒಣಗಿ ನಿಂತಿತ್ತು. ಸೀಸನ್ ನಡುವೆ! ಓನರ್ ಬಸವರಾಜಪ್ಪನವರು ಕಾಫಿ ಕೊಟ್ಟು, "ನಮ್ ಪಲ್ಪರ್ ನೀರು ಒಂದ್ ತೊಟ್ಟೂ ಹಳ್ಳಕ್ಕೆ ಬಿಡಲ್ಲ ಮೇಡಂ" ಎಂದು ನಕ್ಕರು.

ಕೆಳಗೆ ಕೂಲಿಯವರ ಲೈನ್ ಮನೆಯಲ್ಲಿ ತಂಗಮ್ಮನ ಮೊಮ್ಮಗಳಿಗೆ ವಾಂತಿ, ಮೈತುಂಬ ಕಜ್ಜಿ. ಕುಡಿಯುವುದು ಅದೇ ಹಳ್ಳದ ನೀರು. "ನೀವು ಬಂದ್ ದಿನ ಮಾತ್ರ ಹಿಂಗೆ. ನಾಳೆ ಬನ್ನಿ, ನಾತಕ್ಕೆ ಮೂಗು ಬಿಡಕ್ಕಾಗಲ್ಲ" ಎಂದಳು.

ಯಾರೋ ಸುದ್ದಿ ಕೊಡುತ್ತಿದ್ದಾರೆ.

ಡಿಸೆಂಬರ್ 12

ಸಂಸೆಯ ಎಸ್ಟೇಟಿಗೆ ಹೋದೆ. ಎಲ್ಲಿಗೆಂದು ಹೇಳಿದ್ದೇ ಜೀಪು ಹತ್ತಿದ ಮೇಲೆ. ಅಲ್ಲೂ ತಿಳಿನೀರು. ಗೊತ್ತಿದ್ದವನು ಡ್ರೈವರ್ ಮಲ್ಲೇಶ್ ಒಬ್ಬನೇ. ದಾರಿಯಲ್ಲಿ ಟೀಗೆ ಇಳಿದ, ಫೋನಿನಲ್ಲಿ ಮಾತಾಡಿದ. ಯಾರು ಎಂದರೆ "ಮನೆಯವ್ಳು" ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮುಖ.

ಡಿಸೆಂಬರ್ 13

ಸಾಹೇಬರಿಗೆ ಹೇಳಿದೆ. ಕಾಂಟ್ರಾಕ್ಟ್ ಡ್ರೈವರ್ ತಾನೆ — ಸಂಜೆಯೊಳಗೆ ತೆಗೆದರು. ಮಲ್ಲೇಶ್ ಕೀ ಮೇಜಿನ ಮೇಲಿಟ್ಟು, "ನಾನಲ್ಲ ಮೇಡಂ" ಅಂದ. ಎಲ್ಲರೂ ಹಾಗೇ ಅನ್ನುತ್ತಾರೆ.

ಡಿಸೆಂಬರ್ 20

ಹೊಸ ಡ್ರೈವರ್ ಬರಲಿಲ್ಲ. ಎಲ್ಲಿಗೂ ಹೋಗಲಿಲ್ಲ. ಹೋಗಬೇಕೆಂದಿದ್ದು ಜಾವಳಿಗೆ ಎಂದು ಯಾರಿಗೂ ಹೇಳಿರಲೂ ಇಲ್ಲ. ಮಧ್ಯಾಹ್ನ ತಂಗಮ್ಮನ ಫೋನ್: "ಇವತ್ತು ನೀರು ತಿಳಿಯಾಗಿದೆ. ಬತ್ತೀರೇನೋ ಅಂತ ಕಾಯ್ತಾ ಇದೀನಿ."

ತಿರುಗಿ ನೋಡಿದೆ. ಮೂಲೆಯಲ್ಲಿ ಸ್ಯಾಂಪಲ್ ಪೆಟ್ಟಿಗೆ, ಒಳಗೆ ಕರಗುತ್ತಿರುವ ಐಸ್. ಸ್ಯಾಂಪಲ್ ತಣ್ಣಗಿರಬೇಕಲ್ಲ, ಪ್ರತಿ ಸಲ ಹಿಂದಿನ ಸಂಜೆ ಮೀನಂಗಡಿಗೆ ಹೇಳಿಡುತ್ತೇನೆ. ನಿನ್ನೆಯೂ ಹೇಳಿದ್ದೆ. ಅಲ್ಲಿ ಮೀನಿಗೆ ಬರುವವರು ಸುತ್ತಲ ಎಸ್ಟೇಟುಗಳಲ್ಲಿ ಲೆಕ್ಕ ಬರೆಯುವ ರೈಟರ್‌ಗಳು. ಮೇಡಂ ಐಸ್ ಹೇಳಿದರೆ ಮಾರನೇ ದಿನ ಎಲ್ಲ ಕಡೆ ಪಲ್ಪರ್ ಬಂದ್. ಡಂಗುರ ಹೊಡೆದದ್ದು ನಾನೇ!

ಪಾಪ, ಮಲ್ಲೇಶ್… ಆದರೂ ಆ ಫೋನ್?

ಡಿಸೆಂಬರ್ 23

ಮನೆ ಫ್ರಿಜ್ಜಿನ ಐಸ್, ಊಟದ ಬ್ಯಾಗು, ಬಸ್ಸು. ಮೂಡಿಗೆರೆ ಸ್ಟ್ಯಾಂಡಿನಲ್ಲಿ ಎಸ್ಟೇಟ್ ಪಿಕಪ್, ಒಳಗೆ ಮಲ್ಲೇಶ್! ಬಸವರಾಜಪ್ಪನವರ ಹತ್ತಿರ ಸೇರಿದ್ದಾನೆ. ನನ್ನನ್ನೇ ನೋಡಿದ. ಕೈಯಲ್ಲಿ ಫೋನ್. ಕೆಲಸ ಕೆಟ್ಟಿತು ಅಂದುಕೊಂಡೆ.

ಜಾವಳಿ ಹಳ್ಳ ಕಂದು ನೊರೆ, ಹುಳಿ ನಾತ. ಬಾಟಲಿ ತುಂಬಿದೆ. ಪಂಚನಾಮೆಗೆ ಸಾಕ್ಷಿ ಬೇಕು. ಒಬ್ಬರೂ ಮುಂದೆ ಬರಲಿಲ್ಲ. ತಂಗಮ್ಮ ಕೂಡ ಎಸ್ಟೇಟ್ ಮೇಸ್ತ್ರಿಯ ಮುಖ ನೋಡಿ ತಲೆ ತಗ್ಗಿಸಿದಳು. ಆಗ ಪಿಕಪ್ ಬಂದು ನಿಂತಿತು.

"ನೀವು ಬಸ್ ಹತ್ತಿದ್ದು ನೋಡ್ದೆ ಮೇಡಂ. ಯಾರಿಗೂ ಹೇಳ್ಲಿಲ್ಲ," ಎಂದ ಮಲ್ಲೇಶ್. "ಪೆನ್ ಕೊಡಿ."

ಅವನ ಹಿಂದೆಯೇ ಬಸವರಾಜಪ್ಪನವರು ನಿಂತಿದ್ದರು. ಸಹಿ ಹಾಕಿದರೆ ಈ ಕೆಲಸವೂ ಹೋಗುತ್ತದೆ. ಬೇಡ ಅನ್ನಬೇಕಿತ್ತು. ಪೆನ್ ಕೊಟ್ಟೆ.

ಹಾಕಿದ ಮೇಲೆ, ಜೀಪಿನ ಲಾಗ್‌ಬುಕ್ಕಿನಲ್ಲಿ ಹಾಕುತ್ತಿದ್ದ ಅವನದೇ ಸಹಿ ಹೌದೋ ಅಲ್ಲವೋ ಎಂದು ಎರಡು ಸಲ ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ. ಕ್ಷಮಿಸು ಎನ್ನುವ ಬದಲು ಬಾಟಲಿಗೆ ಸೀಲ್ ಹಾಕಿದೆ.